ಕೂಗದ ಕುಕ್ಕರಿನ ಸೂಪಕ್ಕ

ಆಸ್ಪತ್ರೆಯ ಹಿಂಬದಿಯ ಕಬ್ಬಿಣದ ಬಾಗಿಲು ಕಿರ್ರೆನ್ನುತ್ತದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆಚೀಲವೊಂದನ್ನು ಮಗುವಿನಂತೆ ಎದೆಗವಚಿಕೊಂಡು ಒಬ್ಬ ಹೆಂಗಸು ಒಳಗೆ ಬರುತ್ತಾರೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಚೀಲವನ್ನು ತೊಡೆಯಿಂದ ಕೆಳಗಿಳಿಸಿಲ್ಲವಂತೆ. ಲಾಂಡ್ರಿಯ ದೀಪ ಹಾಕಿ, ಇಸ್ತ್ರಿ ಮೇಜುಗಳ ಪಕ್ಕದ ಮೂಲೆಯಲ್ಲಿ ಚೀಲ ಬಿಚ್ಚುತ್ತಾರೆ. ಅದರೊಳಗಿಂದ ಟವೆಲ್ ಸುತ್ತಿದ ಸ್ಲೋ ಕುಕ್ಕರ್, ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಪಾತ್ರೆ, ಹೊರಬರುತ್ತದೆ. ಪ್ಲಗ್ ಚುಚ್ಚಿ, ಪುಟ್ಟ ಕೆಂಪು ದೀಪ ಹತ್ತಿದ್ದನ್ನು ಬಗ್ಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ಉಸ್ಸೆನ್ನುತ್ತಾರೆ.

"ಇನ್ನು ನಾನು ಬೇಕಾಗಿಲ್ಲ. ಅದರ ಪಾಡಿಗೆ ಅದು ಬೇಯುತ್ತೆ, ನನ್ನ ಪಾಡಿಗೆ ನಾನು ದುಡೀತೀನಿ" ಎನ್ನುತ್ತಾರೆ.

ಇಡೀ ಲಾಂಡ್ರಿಗೆ ಇವರು ಸೂಪಕ್ಕ. ಸಂಬಳ ಬರುವುದು ವಾರ್ಡುಗಳಿಂದ ಕೊಳೆಬಟ್ಟೆ ತಂದು ವಿಂಗಡಿಸುವುದಕ್ಕೆ. ಅಡುಗೆ ಅವರ ಕೆಲಸದ ಪಟ್ಟಿಯಲ್ಲೆಲ್ಲೂ ಇಲ್ಲ. ಆದರೂ ವರ್ಷಗಳಿಂದ ವಾರಕ್ಕೊಮ್ಮೆ, ರಜೆಯ ಹಿಂದಿನ ದಿನ, ಇಲ್ಲಿನವರಿಗೆಲ್ಲ ಇವರದೇ ದನದ ಮಾಂಸದ, ರಾಜ್ಮಾ ಕಾಳಿನ ಸೂಪು. ಮೇಲಿನ ಮಹಡಿಗಳಲ್ಲಿ ರೋಗಿಗಳು ಬೆಳ್ಳಗಿನ ಹಾಸಿಗೆಯ ಮೇಲೆ ಮಲಗಿರುತ್ತಾರೆ. ಆ ಬಿಳುಪು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಬಿಳುಪು ತರುವವರಿಗೆ ಹೊಟ್ಟೆ ತುಂಬಾ ಹಾಕುವ ಕೈ ಯಾವುದೆಂದಂತೂ ಕೇಳುವ ಮಾತೇ ಇಲ್ಲ.

ಕುಕ್ಕರ್ ಮೊದಲ ಸಲ ಇಲ್ಲಿಗೆ ಬಂದಾಗ ಅದನ್ನು ಗೇಲಿ ಮಾಡದವರಿಲ್ಲ. ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುವ, ಬಾಯಿಗೆ ಬೀಗವೇ ಇಲ್ಲದ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮಾಮ ಎನ್ನುತ್ತಾರೆ. "ಇದೆಂಥಾ ಕುಕ್ಕರಮ್ಮ, ಕೂಗೋದೇ ಇಲ್ವಲ್ಲ! ಬೆಂತೋ ಇಲ್ವೋ ಅಂತ ಯಾರನ್ನ ಕೇಳೋಣ?" ಎಂದು ಅವರು ಆಗ ಕೇಳಿದ್ದು ಇವತ್ತಿಗೂ ಇಲ್ಲಿ ನಗೆಯ ಮಾತು. ಸೂಪಕ್ಕನ ಉತ್ತರವೂ ಅದೇ: "ಕೂಗೋಕೆ ನೀವಿದ್ದೀರಲ್ಲ ಮಾಮ, ಸಾಕು."

ಕೆಲಸ ನಿಜವಾಗಿ ಶುರುವಾಗುವುದು ಹಿಂದಿನ ದಿನವೇ, ಮನೆಯಲ್ಲಿ. ರಾಜ್ಮಾ ನೆನೆಯಬೇಕು. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕಾಳು ಕೊತಕೊತ ಕುದಿಯಬೇಕು. ಹಸಿ ರಾಜ್ಮಾವನ್ನು ನೇರವಾಗಿ ಇಂಥ ನಿಧಾನದ ಪಾತ್ರೆಗೆ ಹಾಕಿದರೆ ತಿಂದವರ ಹೊಟ್ಟೆ ಕೆಡುತ್ತದೆಂದು ಸೂಪಕ್ಕನ ಮಗಳಿಗೂ ಗೊತ್ತು. ತಾಯಿ ಮಾಂಸ ಹೆಚ್ಚಿಕೊಳ್ಳುವಾಗ ಒಲೆಯ ಮುಂದೆ ನಿಲ್ಲುವವಳು ಆಕೆಯೇ. ಮಾಂಸದ ತುಂಡುಗಳು ಕಾದ ಬಾಣಲೆಯಲ್ಲಿ ಕೆಂಪಗಾಗುತ್ತವೆ. ಅದೇ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ತಳಕ್ಕೆ ಹತ್ತಿದ್ದನ್ನೆಲ್ಲ ಕೆರೆದೆಬ್ಬಿಸಲು ಒಂದು ಸೌಟು ನೀರು. ಆಮೇಲೆ ಟೊಮೆಟೊ, ಕ್ಯಾರೆಟ್, ಕಾಳುಮೆಣಸು, ಎರಡು ಪಲಾವ್ ಎಲೆ. ಉಪ್ಪು ಮಾತ್ರ ಕೊನೆಗೆ. ಒಮ್ಮೆ ಲಾಂಡ್ರಿಯಲ್ಲಿ ಹಾದುಹೋದವರೆಲ್ಲ ರುಚಿ ನೋಡಿ ಒಂದೊಂದು ಚಿಟಿಕೆ ಹಾಕಿ, ಆ ಸೂಪು ಯಾರೂ ಬಾಯಿಗಿಡಲಾರದಂತಾಗಿತ್ತು. ಅಂದಿನಿಂದ ಉಪ್ಪಿನ ಡಬ್ಬಿ ಸೂಪಕ್ಕನ ಚೀಲದಲ್ಲಿ, ಮುಚ್ಚಳ ಅವರ ಅಪ್ಪಣೆಯಲ್ಲಿ.

ಆದರೆ ಇಂದು ಸೂಪಿನ ದಿನವಲ್ಲ. ವಾರದ ನಡುವೆ ಪಾತ್ರೆ ಹೊತ್ತು ತಂದಿರುವುದೇಕೆಂದು ಕೇಳಿದರೆ ಸೂಪಕ್ಕ ಟವೆಲಿನ ಸುಕ್ಕು ಸರಿಮಾಡುತ್ತಾರೆ.

"ಇವತ್ತು ಅಣ್ಣ ವಾಪಸ್ ಬರ್ತಾರೆ" ಎಂದು ಮೆಲ್ಲಗೆ ಹೇಳುತ್ತಾರೆ.

ಅಣ್ಣ ಎಂದರೆ ಇಸ್ತ್ರಿ ಅಣ್ಣ, ಇಲ್ಲಿನ ಎಲ್ಲರಿಗಿಂತ ಹಳಬರು. ದವಡೆಯಲ್ಲಿ ಗಡ್ಡೆಯೆದ್ದು, ಆಪರೇಷನ್ ಆಗಿ, ತಿಂಗಳುಗಟ್ಟಲೆ ಮನೆಯಲ್ಲಿದ್ದರು. ಗಡ್ಡೆ ಹೋಯಿತು, ಜೀವ ಉಳಿಯಿತು. ಆದರೆ ಬಾಯಿಯ ಒಂದು ಬದಿ ಮೊದಲಿನಂತಿಲ್ಲ. ಮಾತು ಸ್ವಲ್ಪ ತೊದಲುತ್ತದೆ. ಮೆತ್ತಗಿನದು ಏನು ಬೇಕಾದರೂ ತಿನ್ನಬಹುದೆಂದು ಡಾಕ್ಟರು ಹೇಳಿದ್ದಾರೆ, ಆದರೆ ತಿನ್ನುವಾಗ ತುಟಿಯಂಚಿನಿಂದ ಇಳಿಯುತ್ತದೆ, ಒಂದು ತುತ್ತಿಗೆ ಬಹಳ ಹೊತ್ತು ಹಿಡಿಯುತ್ತದೆ. ಕಳೆದ ವಾರ ತರಕಾರಿ ಅಂಗಡಿಯ ಮುಂದೆ ಅವರ ಹೆಂಡತಿ ಸೂಪಕ್ಕನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರಂತೆ.

"ಮನೇಲೂ ಗೋಡೆ ಕಡೆ ಮುಖ ಮಾಡ್ಕೊಂಡು ತಿಂತಾರೆ ಕಣೆ. ಮೊಮ್ಮಗಳು ಪಕ್ಕಕ್ಕೆ ಬಂದ್ರೆ ತಟ್ಟೆ ಸರಿಸಿ ಎದ್ದುಬಿಡ್ತಾರೆ. ಡ್ಯೂಟಿಗೆ ಹೋದ್ರೆ ಊಟಾನೇ ಬೇಡ, ಒಂದು ಬಾಟ್ಲಿ ಗಂಜಿ ಸಾಕು ಅಂತಾರೆ. ಗಂಜಿ ಕುಡ್ಕೊಂಡು ಆ ಬಿಸಿಯಲ್ಲಿ, ಆ ಹಬೆಯಲ್ಲಿ ಎಷ್ಟು ದಿನ ನಿಂತಾರು? ಆಗಲ್ಲ ಅನ್ನಿಸಿದ ದಿನ ಕೆಲಸ ಬಿಟ್ಟು ಬಂದು ಮೂಲೆ ಹಿಡೀತಾರೆ. ಅದೇ ನನಗೆ ಭಯ."

ಅಂದೇ ಸೂಪಕ್ಕ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಅಣ್ಣ ಎಲ್ಲರ ನಡುವೆ ಕೂತು ಊಟ ಮಾಡಬೇಕು, ಅದೂ ಮೊದಲ ದಿನವೇ. ಮೊದಲ ದಿನ ಮೂಲೆ ಸೇರಿದವರು ಆಮೇಲೆ ಈಚೆ ಬರುವುದು ಕಷ್ಟ ಎಂಬುದು ಅವರ ಸ್ವಂತ ಅನುಭವ.

ಅವರೂ ಹಾಗೆ ಮೂಲೆ ಸೇರಿದ್ದವರೇ. ಗಂಡ ತೀರಿಕೊಂಡ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದಾಗ ಊಟದ ಹೊತ್ತಿಗೆ "ಹಸಿವಿಲ್ಲ" ಎಂದು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಡಬ್ಬಿಯಲ್ಲಿ ಏನಾದರೂ ಇದ್ದರೆ ತಾನೇ ಹಸಿವಾಗುವುದು! ಇಸ್ತ್ರಿ ಅಣ್ಣ ಏನನ್ನೂ ಕೇಳಲಿಲ್ಲ. ತಮ್ಮ ಡಬ್ಬಿ ಹಿಡಿದು ಅಲ್ಲಿಗೇ ಬಂದು, "ನಮ್ಮನೆಯವಳು ಜಾಸ್ತಿ ಹಾಕಿಬಿಟ್ಟಿದ್ದಾಳಮ್ಮ. ಹಾಗೇ ವಾಪಸ್ ಹೋದ್ರೆ ಬೈತಾಳೆ. ಮುಗಿಸೋಕೆ ಸ್ವಲ್ಪ ಸಹಾಯ ಮಾಡು" ಎಂದರು. ಮರುದಿನವೂ ಅದೇ ಮಾತು, ಅದರ ಮರುದಿನವೂ.

"ಎಷ್ಟೋ ದಿನ ನಾನು ನಿಜವಾಗ್ಲೂ ಅವರಿಗೆ ಸಹಾಯ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ನೋಡಿ. ಪೆದ್ದಿ ನಾನು" ಎಂದು ಸೂಪಕ್ಕ ನಗುತ್ತಾರೆ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಆಡುವಂತಾದ ಮೇಲೆ ಅವರು ಮೊದಲು ಕೊಂಡದ್ದು ಈ ಕುಕ್ಕರನ್ನೇ, ಅದೂ ಯಾರೋ ಬಳಸಿ ಬಿಟ್ಟದ್ದನ್ನು. ಋಣ ತೀರಿಸುವುದಕ್ಕಾ ಎಂದರೆ ಮುಖ ಗಂಟಿಕ್ಕುತ್ತಾರೆ. "ಅದನ್ನೆಲ್ಲ ತೀರಿಸೋಕಾಗುತ್ತಾ? ನೆನಪಿಟ್ಕೊಳ್ಳೋಕೆ."

ಇಂದಿನ ಸಂಚಿನಲ್ಲಿ ಮಾಮನೂ ಪಾಲುದಾರ. ಇಲ್ಲಿ ಒಗೆತ ಮುಗಿದು ಯಂತ್ರದ ಗಂಟೆ ಬಾರಿಸಿತೆಂದರೆ ಬಾಯಲ್ಲಿದ್ದ ತುತ್ತು ಬಾಯಲ್ಲೇ ಇರುವಾಗ ಎಲ್ಲರೂ ಎದ್ದು ಓಡುತ್ತಾರೆ. ಅಣ್ಣ ಅರ್ಧ ತಿನ್ನುವಷ್ಟರಲ್ಲಿ ಮೇಜು ಖಾಲಿಯಾದರೆ? ಹಾಗಾಗಿ ಮಾಮ ಮಧ್ಯಾಹ್ನಕ್ಕೆಂದೇ ಕಂಬಳಿಗಳನ್ನು ಎತ್ತಿಟ್ಟಿದ್ದಾರೆ. ಕಂಬಳಿ ಒಗೆಯುವಷ್ಟು ನಿಧಾನ ಬೇರೇನನ್ನೂ ಆ ಯಂತ್ರ ಒಗೆಯುವುದಿಲ್ಲ. ನಿಧಾನದ ಪಾತ್ರೆ, ನಿಧಾನದ ಒಗೆತ, ನಿಧಾನದ ಊಟ. ಲೆಕ್ಕಾಚಾರವೇನೋ ಚೆನ್ನಾಗಿಯೇ ಇದೆ.

ಬಟ್ಟೆಗಾಡಿ ತಳ್ಳಿಕೊಂಡು ಸೂಪಕ್ಕ ವಾರ್ಡುಗಳತ್ತ ಹೋಗುತ್ತಾರೆ. ಹೆರಿಗೆ ವಾರ್ಡಿನಿಂದ ಹಿಡಿದು ಮೂಳೆ ವಾರ್ಡಿನವರೆಗೆ ಗುಡ್ಡೆ ಗುಡ್ಡೆ ಹೊದಿಕೆ. ಒಂದೊಂದನ್ನೂ ಕೊಡವಿ ನೋಡಬೇಕು. ಮಡಿಕೆಯೊಳಗೆ ಸೂಜಿ ಇರಬಹುದು, ಯಾರದೋ ಕನ್ನಡಕ, ಯಾರದೋ ಹಲ್ಲಿನ ಸೆಟ್ಟು ಇರಬಹುದು. ತುಂಬಿದ ಗಾಡಿಯೊಂದಿಗೆ ಮರಳಿ ಬಂದಾಗ ಇಸ್ತ್ರಿ ಅಣ್ಣ ಆಗಲೇ ತಮ್ಮ ಮೇಜಿನ ಮುಂದೆ ಇದ್ದಾರೆ. ಮೊದಲಿಗಿಂತ ಸಣ್ಣಗಾಗಿದ್ದಾರೆ, ಕೆನ್ನೆಯ ಮೇಲೆ ಹೊಲಿಗೆಯ ಗೆರೆ. ದಿಂಬಿನ ಕವರಿನ ಮೇಲೆ ಇಸ್ತ್ರಿ ಹಾಯಿಸುವ ಕೈ ಮಾತ್ರ ಹಳೆಯದೇ.

"ಬಂದ್ರಾ ಅಣ್ಣಾ?" ಎನ್ನುತ್ತಾರೆ ಸೂಪಕ್ಕ.

"ಬಂದೆನಮ್ಮ" ಎಂದು ಅಣ್ಣ ಬಟ್ಟೆಯ ಮೇಲಿನ ಕಣ್ಣು ಎತ್ತದೆಯೇ ಹೇಳುತ್ತಾರೆ.

ಸ್ವಲ್ಪ ಹೊತ್ತಿನ ಬಳಿಕ, ಅಭ್ಯಾಸದಂತೆ, ಸೂಪಕ್ಕ ಪಾತ್ರೆಯ ಪಕ್ಕೆಗೆ ಅಂಗೈ ತಾಗಿಸಿ ನೋಡುತ್ತಾರೆ. ಸುಡಬೇಕಾದ ಪಾತ್ರೆ ಬರೀ ಬೆಚ್ಚಗಿದೆ. ಕೆಂಪು ದೀಪ ಇಲ್ಲ. ಪ್ಲಗ್ ಅಚ್ಚುಕಟ್ಟಾಗಿ ಸುತ್ತಿದ ವೈರಿನೊಂದಿಗೆ ಪಕ್ಕದಲ್ಲಿ ಮಲಗಿದೆ.

"ಯಾರ್ರೀ ಇದನ್ನ ಕಿತ್ತಿದ್ದು?"

ಇಸ್ತ್ರಿ ಮೇಜಿನಿಂದ ಒಂದು ಕೈ ಮೇಲೇಳುತ್ತದೆ.

"ನಾನೇ ಕಣಮ್ಮ. ಬಂದಾಗ ರೂಮಲ್ಲಿ ಯಾರೂ ಇರ್ಲಿಲ್ಲ. ಕೆಂಪು ದೀಪ ಉರೀತಿತ್ತು. ಕಿತ್ತೆ."

ಯಾರ ತಪ್ಪೆಂದು ಹೇಳುವುದು? ಜನವಿಲ್ಲದ ಕೋಣೆಯಲ್ಲಿ ಪ್ಲಗ್ ಚುಚ್ಚಿರಬಾರದೆಂದು ಇಲ್ಲಿನ ಪ್ರತಿಯೊಬ್ಬರಿಗೂ ಬೈದು ಕಲಿಸಿದವರೇ ಅಣ್ಣ. ಹಿಂದೊಮ್ಮೆ ಯಾರೋ ಮರೆತುಹೋದ ಇಸ್ತ್ರಿ ಪೆಟ್ಟಿಗೆ ಹೊದಿಕೆಗಳ ರಾಶಿಯನ್ನೇ ಸುಟ್ಟಿತ್ತು. ತಿಂಗಳುಗಟ್ಟಲೆ ಮನೆಯಲ್ಲಿದ್ದು ಬಂದರೂ ಕೈ ಆ ಪಾಠ ಮರೆತಿಲ್ಲ. ಸೂಪಿನ ದಿನವಲ್ಲದ್ದರಿಂದ, ಟವೆಲ್ ಮುಚ್ಚಿದ್ದ ಪಾತ್ರೆಯೊಳಗೆ ಏನಿದೆಯೆಂದು ನೋಡುವ ಗೋಜಿಗೂ ಅವರು ಹೋಗಿಲ್ಲ.

ಅದು ಸೂಪೆಂದು ತಿಳಿದಾಗ ಅಣ್ಣನ ಮುಖ ಸಣ್ಣಗಾಗುತ್ತದೆ. "ಬಂದ ದಿನಾನೇ ಎಲ್ಲರ ಊಟ ಹಾಳು ಮಾಡ್ದೆ."

ಹಾಳೇನೂ ಆಗಿಲ್ಲ, ತುಂಬ ಹೊತ್ತಾಗಿರಲಿಲ್ಲ. ಸೂಪಕ್ಕ ಎಲ್ಲವನ್ನೂ ದೊಡ್ಡ ಪಾತ್ರೆಗೆ ಬಗ್ಗಿಸಿ, ಚಹಾ ಕಾಯಿಸುವ ಒಲೆಯ ಮೇಲೆ ಕುದಿ ಬರಿಸಿ, ಮತ್ತೆ ಕುಕ್ಕರಿಗೆ ತುಂಬುತ್ತಾರೆ. ಆದರೆ ಮಾಂಸ ಮಧ್ಯಾಹ್ನದೊಳಗೆ ಮೆತ್ತಗಾಗುವುದಿಲ್ಲ. ಮೆತ್ತಗಾಗದ ಮಾಂಸ ಇವತ್ತು ಬಡಿಸಿದರೆಷ್ಟು ಬಿಟ್ಟರೆಷ್ಟು? ಸೌಟು ಹಿಡಿದುಕೊಂಡೇ ಅವರು ಒಂದು ಕ್ಷಣ ಯೋಚಿಸುತ್ತಾರೆ. ಆಮೇಲೆ ಸೊಂಟಕ್ಕೆ ಕೈಯಿಟ್ಟು ತಿರುಗುತ್ತಾರೆ.

"ಅಣ್ಣಾ, ತಪ್ಪಿಗೆ ದಂಡ ಕಟ್ಟಬೇಕು. ಸಾಯಂಕಾಲ ಕೆಲಸ ಬಿಟ್ಟ ಮೇಲೆ ಎಲ್ಲರೂ ತಿಂದೇ ಹೋಗೋದು. ಅಲ್ಲಿವರೆಗೂ ಇದರ ಕಾವಲು ನಿಮ್ಮದು. ತಿನ್ನೋವಾಗ ನೀವೂ ಕೂರಬೇಕು."

"ನಂಗೆ ಹಸಿವಾಗಲ್ಲಮ್ಮ."

"ಹಸಿವಿನ ಮಾತು ಯಾರು ಆಡಿದ್ರು? ನಾನು ಹೇಳಿದ್ದು ದಂಡ."

ಮಧ್ಯಾಹ್ನ ಅಣ್ಣ ಗಂಜಿಯ ಬಾಟಲಿ ಹಿಡಿದು ಹೊದಿಕೆಗಳ ಉಗ್ರಾಣದೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ಸೂಪಕ್ಕ ನೋಡಿಯೂ ನೋಡದವರಂತೆ ಬ್ರೆಡ್ ನುಂಗುತ್ತಾರೆ. "ನನ್ನ ಕಂಬಳಿಗಳು ಸುಮ್ಸುಮ್ನೆ ಸ್ನಾನ ಮಾಡ್ತಿವೆ" ಎಂದು ಮಾಮ ಗೊಣಗುತ್ತಾರೆ. ಯಾರೂ ನಗುವುದಿಲ್ಲ.

ಆದರೆ ಕಾವಲು ಮಾತ್ರ ಬಿಗಿ. ಇಸ್ತ್ರಿ ಒಂದು ಕಣ್ಣಿನಲ್ಲಿ, ಕೆಂಪು ದೀಪ ಇನ್ನೊಂದರಲ್ಲಿ. ವಾಸನೆ ಹಿಡಿದು ಬಂದ ಮಾಮ ಮುಚ್ಚಳಕ್ಕೆ ಕೈ ಹಾಕಿದರೆ ಇಸ್ತ್ರಿ ಅಣ್ಣ ಗದರುತ್ತಾರೆ: "ಮುಚ್ಚಳ ಮುಟ್ಟಿದ್ರೆ ನಿನ್ನ ಕೈಗೇ ಇಸ್ತ್ರಿ ಹಾಕ್ತೀನಿ ನೋಡು!" ಮಾತು ತೊದಲಿದರೂ ಗದರಿಕೆ ಹಳೆಯದೇ. ಬಟ್ಟೆ ವಿಂಗಡಿಸುತ್ತಿದ್ದ ಸೂಪಕ್ಕ ಹೊದಿಕೆಯ ಹಿಂದೆ ಮುಖ ಮರೆಸಿಕೊಂಡು ನಗುತ್ತಾರೆ.

ಸಂಜೆ ಕೊನೆಯ ಯಂತ್ರವೂ ನಿಲ್ಲುತ್ತದೆ. ಎಬ್ಬಿಸಿ ಓಡಿಸುವ ಗಂಟೆ ಇನ್ನು ಬೆಳಗಿನವರೆಗೆ ಇಲ್ಲ. ಇದು ಯಾರಿಗೂ ಮೊದಲು ಹೊಳೆದಿರಲಿಲ್ಲ. ಬಟ್ಟೆ ಮಡಿಸುವ ಉದ್ದನೆಯ ಮೇಜು ಖಾಲಿಯಾಗುತ್ತದೆ, ಬಟ್ಟಲುಗಳು ಬರುತ್ತವೆ. ಒಂದೊಂದು ಬಟ್ಟಲಿನ ಪಕ್ಕದಲ್ಲೂ ಸೂಪಕ್ಕ ಒಂದೊಂದು ಮಡಿಸಿದ ಟವೆಲ್ ಇಡುತ್ತಾರೆ. ಲಾಂಡ್ರಿಯಲ್ಲಿ ಟವೆಲಿಗೇನು ಬರ! ಮಾಮ ತಮ್ಮದನ್ನು ಬಿಡಿಸಿ ಕೊರಳಿಗೆ ಸುತ್ತಿಕೊಂಡು, "ಕಟಿಂಗಾ ಶೇವಿಂಗಾ ಅಂತ ಕೇಳಮ್ಮ" ಎನ್ನುತ್ತಾರೆ. ಎಲ್ಲರೂ ನಗುತ್ತಾ ಹಾಗೇ ಸುತ್ತಿಕೊಳ್ಳುತ್ತಾರೆ. ಮೇಜಿನ ತುದಿಯಲ್ಲಿ, ಗೋಡೆಗೆ ಓರೆಯಾಗಿ ಕೂತ ಅಣ್ಣನೂ ಸುತ್ತಿಕೊಳ್ಳುತ್ತಾರೆ.

ಸೂಪು ಗಟ್ಟಿಯಾಗಿದೆ, ಕಂದು ಬಣ್ಣಕ್ಕೆ ತಿರುಗಿದೆ. ಚಮಚ ತಾಗಿದರೆ ಸಾಕು, ಮಾಂಸ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಅಣ್ಣ ಮೊದಲ ಚಮಚ ಬಾಯಿಗಿಡುತ್ತಾರೆ. ತುಟಿಯಂಚಿನಿಂದ ಒಂದಿಷ್ಟು ಇಳಿಯುತ್ತದೆ, ಟವೆಲ್ ಒರೆಸುತ್ತದೆ. ಎದುರು ಕೂತ ಮಾಮನ ಗಡ್ಡದಿಂದಲೂ ಇಳಿಯುತ್ತಿದೆ, ಅವರದು ಆತುರಕ್ಕೆ. ಮಾತು ಮೂಳೆ ವಾರ್ಡಿನ ಹೊದಿಕೆಯಲ್ಲಿ ಇವತ್ತು ಸಿಕ್ಕ ಹಲ್ಲಿನ ಸೆಟ್ಟಿನತ್ತ ಹೋಗುತ್ತದೆ, ಅಲ್ಲಿಂದ ಬಸ್ಸಿನ ರಶ್ಶಿನತ್ತ. ಉಳಿದವರ ಬಟ್ಟಲುಗಳು ಎಂದೋ ಬರಿದಾಗಿವೆ. ಆದರೂ ಯಾರೂ ಏಳುವುದಿಲ್ಲ. ಖಾಲಿ ಬಟ್ಟಲಿನಲ್ಲಿ ಚಮಚ ಆಡಿಸುತ್ತಾ ಕೂತಿದ್ದಾರೆ. ಮಾತಿನ ನಡುವೆ ಯಾವಾಗಲೋ ಅಣ್ಣನ ಕುರ್ಚಿ ಗೋಡೆ ಬಿಟ್ಟು ಮೇಜಿನ ಕಡೆ ತಿರುಗಿದೆ.

ಅಣ್ಣನ ಬಟ್ಟಲು ತಳ ಕಂಡಾಗ ಸೂಪಕ್ಕ ಪಾತ್ರೆ ಹಿಡಿದು ಬಂದು ನಿಲ್ಲುತ್ತಾರೆ.

"ಜಾಸ್ತಿ ಮಾಡಿಬಿಟ್ಟಿದ್ದೀನಿ ಅಣ್ಣಾ. ಹಾಗೇ ವಾಪಸ್ ತಗೊಂಡು ಹೋದ್ರೆ ಮಗಳು ಬೈತಾಳೆ. ಮುಗಿಸೋಕೆ ಸ್ವಲ್ಪ ಸಹಾಯ ಮಾಡಿ."

ಅಣ್ಣ ಅವರ ಮುಖವನ್ನೇ ನೋಡುತ್ತಾರೆ. ಬಾಯಿಯ ಒಂದು ಬದಿ ನಗುತ್ತದೆ, ಇನ್ನೊಂದು ಬದಿ ಬರಲಾಗದೆ ಅಲ್ಲೇ ಉಳಿಯುತ್ತದೆ.

"ಕಳ್ಳಿ. ಈ ಮಾತು ಎಲ್ಲಿ ಕದ್ದೆ ಅಂತ ನಂಗೊತ್ತು" ಎಂದು ಬಟ್ಟಲು ಮುಂದೆ ಚಾಚುತ್ತಾರೆ.

ಎಲ್ಲ ಮುಗಿದ ಮೇಲೆ ಅವರು ಎದ್ದು ಮೂಲೆಗೆ ಹೋಗಿ, "ಈಗ ಕೀಳಬಹುದಲ್ವಾ?" ಎಂದು ಅಪ್ಪಣೆ ಕೇಳಿ, ಪ್ಲಗ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿಡುತ್ತಾರೆ.

ಕುಕ್ಕರ್ ತೊಳೆದು ಚೀಲಕ್ಕಿಳಿಸುವಾಗ ಸೂಪಕ್ಕನ ಕೈ ಹಗುರ. ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬರುತ್ತದೆಂದರೆ ಅವರಿಗೆ ಮುಜುಗರ. ಫೋಟೋ ಬೇಡವೇ ಬೇಡ ಅನ್ನುತ್ತಾರೆ. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿ ನಿಲ್ಲುತ್ತಾರೆ.

"ನನ್ನ ಬಗ್ಗೆ ಏನು ಬರೀತೀರಿ, ಬೇಯೋದು ಪಾತ್ರೆ. ಬರೀಲೇಬೇಕು ಅಂದ್ರೆ ಒಂದು ಬರೀರಿ. ಅಣ್ಣ ಎರಡನೇ ಸಲ ಹಾಕಿಸ್ಕೊಂಡ್ರು, ಎಲ್ಲರ ಎದುರಿಗೆ."