ಪನಾಮಾ ಪಾಠ

ಮೊನ್ನೆ ಮೊಬೈಲಿನಲ್ಲಿ ಒಂದು ಚಿತ್ರ ಬಂತು. ಪನಾಮಾ ಕಾಲುವೆಯ ಕೆರೆಯಲ್ಲಿ ನೀರಿಳಿದು, ಎಂದೋ ಮುಳುಗಿದ್ದ ಮರಗಳ ಬೊಡ್ಡೆಗಳು ಎದ್ದು ನಿಂತಿದ್ದವು. ಆಚೆ ಸಮುದ್ರದಲ್ಲಿ ಕಾಯುತ್ತ ನಿಂತ ಹಡಗುಗಳ ಸಾಲು. ನೋಡುತ್ತಲೇ ನಮ್ಮ ಸವದತ್ತಿ ಶಾಲೆಯ ಭೂಗೋಳದ ಮಾಸ್ತರರು ನೆನಪಾದರು...

ನಾನು ಪಕ್ಕದ ಕೋಣೆಯಲ್ಲಿ ಗಣಿತ ಕಲಿಸುತ್ತಿದ್ದೆ. ನಡುವೆ ಬರೀ ತಗಡಿನ ಗೋಡೆ. ನನ್ನ ಮಕ್ಕಳಿಗೆ ನನಗಿಂತ ಅವರ ದನಿಯೇ ಹೆಚ್ಚು ಕೇಳಿಸುತ್ತಿತ್ತು. ಸಿಟ್ಟು ಬರುತ್ತಿತ್ತು, ಆದರೂ ನಾನೂ ಕಿವಿಗೊಡುತ್ತಿದ್ದೆ. ಸುಯೆಜಿನಂತೆ ನೆಲ ಸೀಳಿಬಿಡುತ್ತೇವೆಂದು ಮೊದಲು ಬಂದ ಫ್ರೆಂಚರು ಗುಡ್ಡಕ್ಕೂ ಜ್ವರಕ್ಕೂ ಸೋತರಂತೆ. ಆಮೇಲೆ ಬಂದ ಅಮೆರಿಕದವರು ನದಿಗೆ ಒಡ್ಡು ಹಾಕಿ ಎತ್ತರದಲ್ಲೊಂದು ಕೆರೆ ಮಾಡಿದರು. ಹಡಗು ನೀರಿನ ಕೋಣೆಯೊಳಗೆ ಬಂದರೆ ಬಾಗಿಲು ಹಾಕುತ್ತಾರೆ. ಕೆರೆಯ ನೀರು ಪಂಪಿಲ್ಲದೆ ತಾನೇ ಇಳಿದು ತುಂಬುತ್ತದೆ. ಹಡಗು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಇಷ್ಟನ್ನು ಹುರುಪಿನಿಂದ ಹೇಳಿ, "ಆ ಕೆರಿ ತಳದಾಗ ಊರ ಅದಾವ ನೋಡ್ರೋ," ಎನ್ನುತ್ತಿದ್ದರು. ಪ್ರತಿವರ್ಷ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

ಅವರ ಊರೂ ನವಿಲುತೀರ್ಥದ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅದು ನನಗೆ ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮಳೆಗಾಗಿ ಊರೆಲ್ಲ ಬಾಯಿ ಬಾಯಿ ಬಿಡುತ್ತಿದ್ದಾಗ ಅವರು ಮೆಲ್ಲಗೆ ಅಂದರು: "ಅಕ್ಕಾರ, ಮಳಿ ಇನ್ನ ಒಂದೀಟು ತಡಾ ಆದ್ರ ಚಲೋ ಅನಸತೈತ್ರಿ."

"ರೈತರ ಬಾಯಾಗ ಮಣ್ಣ ಹಾಕ್ತೀರೇನ್ರಿ ಸರ್?" ನಾನು ರೇಗಿದೆ.

"ನೀರು ಇನ್ನೊಂದ ಆಳಿನಷ್ಟ ಇಳದ್ರ ನಮ್ಮವ್ವನ ಸಮಾಧಿ ಕಾಣತೈತ್ರಿ. ಒಂದ ಹೂವ ಇಟ್ಟ ಬರತೇನಿ." ಮತ್ತೆ ಅವರೇ ಕೇಳಿದರು, "ಊರಿಗೆಲ್ಲ ಬ್ಯಾಡಾದದ್ದನ್ನ ಬೇಡಾಕ ಹತ್ತೇನಿ. ಪಾಪ ಅಲ್ಲೇನ್ರಿ?"

ಪಾಪವೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ.

ಆ ವರ್ಷ ಮುಳುಗಿದ ಗುಡಿಯ ಶಿಖರ ಕಂಡಿತು, ಮನೆಗಳ ಗೋಡೆ ಕಂಡವು. ಸಮಾಧಿಗಳಿದ್ದ ತಗ್ಗಿನಲ್ಲಿ ಮಾತ್ರ ನೀರು ನಿಂತೇ ಇತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ನೆನೆದುಕೊಂಡೇ ಶಾಲೆಗೆ ಬಂದ ಮಾಸ್ತರರು, "ಚಲೋ ಆತ್ ಬಿಡ್ರಿ, ಪೀಕಿಗೆ ಬೇಕಾಗಿತ್ತು," ಎಂದು ಎಲ್ಲರಿಗೂ ಚಹಾ ತರಿಸಿದರು. ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ. ಆಮೇಲೆ ಎಷ್ಟೋ ಬೇಸಿಗೆ ಬಂದವು, ಅವರಿರುವ ತನಕ ಆ ತಗ್ಗು ಒಣಗಲಿಲ್ಲ...

ಈ ಸಲ ಹಿನ್ನೀರು ತಳ ಕಂಡಿದೆ ಎಂದು ಕೇಳಿ, ಮಲ್ಲಿಗೆ ಕಟ್ಟಿಸಿಕೊಂಡು ನಾನೇ ಹೋದೆ. ತಗ್ಗು ಒಣಗಿ ಬಿರಿದಿತ್ತು. ಹೂಳಿನೊಳಗಿಂದ ಸಮಾಧಿಗಳ ಕಲ್ಲುಗಳು ಅಲ್ಲಲ್ಲಿ ತಲೆ ಎತ್ತಿದ್ದವು, ಎಲ್ಲವೂ ಒಂದೇ ಥರ. ಹೂವು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಇದೇ ನಮ್ಮವ್ವಂದು ಎನ್ನಲು ಅವರಿರಲಿಲ್ಲ.