ಪೆಟ್ರೋಲ್ ತೊಳೆದ ನಮ್ಮಣ್ಣ, ನಾಲ್ಕು ಗಾಲಿಯ ನನ್ನ ಸ್ಕೂಟರ್

ಹೋದ ವಾರ ನಮ್ಮೂರು ಮೋರಟಗಿಯಿಂದ ಸಿಂದಗಿಗೆ ಹೊರಟಿದ್ದೆ. ಹಳ್ಳ ದಾಟಿ ಏರು ಹತ್ತುವಾಗ ಸ್ಕೂಟರಿನ ಹೊಟ್ಟೆಯೊಳಗಿಂದ ಕಟಕಟ ಸದ್ದು ಶುರುವಾಯಿತು, ಡಬ್ಬಿಯಲ್ಲಿ ಶೇಂಗಾ ಹಾಕಿ ಅಲ್ಲಾಡಿಸಿದ ಹಾಗೆ.

ಆಕ್ಸಿಲರೇಟರ್ ತಿರುವಿದಷ್ಟೂ ಸದ್ದು ಜಾಸ್ತಿ, ಓಟ ಕಡಿಮೆ. ಅರ್ಧ ಏರಿನಲ್ಲಿ ನಿಂತೇ ಬಿಟ್ಟಿತು.

ಬೇರೆಯವರಾದರೆ ಇಳಿದು ತಳ್ಳುತ್ತಾರೆ. ನನಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲಿನಲ್ಲಿ ಬಲವಿಲ್ಲ. ಸ್ಕೂಟರ್ ನಿಂತರೆ ನಾನೂ ಅಲ್ಲೇ.

ಅಣ್ಣನಿಗೆ ಫೋನ್ ಮಾಡಿ ಕೂತೆ. ಮಾಡಬಾರದು ಅಂತ ನಾನು ಅಂದುಕೊಂಡಿದ್ದ ಫೋನ್ ಅದು…

ಸ್ಕೂಟರಿನ ಕಥೆ ಸ್ವಲ್ಪ ಹೇಳಬೇಕು. ಹಿಂದೆ ಎರಡು ಹೆಚ್ಚುವರಿ ಗಾಲಿ ಹಾಕಿಸಿದ್ದೇನೆ. ಆ ಭಾರಕ್ಕೆ ಮೊದಮೊದಲು ಅದು ಈ ಏರನ್ನು ಹತ್ತುತ್ತಲೇ ಇರಲಿಲ್ಲ. ಸಿಂದಗಿಯ ಮೆಕ್ಯಾನಿಕ್ ಮಹಿಬೂಬ್ ಕಾಕಾ ಇಂಜಿನ್ ಬಿಚ್ಚಿ, ಪಿಸ್ಟನ್ ಓಡಾಡುವ ಬೋರ್ ದೊಡ್ಡದು ಮಾಡಿ, ಅದರ ಮೇಲಿನ ಮುಚ್ಚಳ, ಅಂದರೆ ಹೆಡ್, ಸ್ವಲ್ಪ ಸವೆಸಿ ಒಳಗಿನ ಒತ್ತಡ ಹೆಚ್ಚಿಸಿಕೊಟ್ಟರು. ಆಮೇಲೆ ನೋಡಬೇಕಿತ್ತು ಅದರ ದಿಮಾಕು.

ಸ್ಕೂಟರ್ ಬರುವ ಮುಂಚೆ ಅಣ್ಣ ಬಸಣ್ಣ ಬಿಡುವು ಮಾಡಿಕೊಂಡು ಬಿಟ್ಟು ಬಂದ ದಿನವಷ್ಟೇ ನನಗೆ ಕೆಲಸ. ಅದು ಬಂದಮೇಲೆ ಸಿಂದಗಿಯ ತಹಶೀಲ್ದಾರ್ ಆಫೀಸಿನ ಹತ್ತಿರ ಸ್ವಂತ ಜೆರಾಕ್ಸ್ ಅಂಗಡಿ ಇಟ್ಟೆ. ಬೀಗ ನಾನೇ ತೆಗೆಯುತ್ತೇನೆ, ನಾನೇ ಹಾಕುತ್ತೇನೆ. ಇದು ಎಷ್ಟು ದೊಡ್ಡ ವಿಷಯ ಅಂತ ಕಾಲು ನೆಟ್ಟಗಿರುವವರಿಗೆ ಹೇಳಿ ತಿಳಿಸುವುದು ಕಷ್ಟ.

ಈಚೆಗೆ ಪಿಕಪ್ ಕಡಿಮೆಯಾಗಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಅಣ್ಣ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ತೀರ್ಪು ಕೊಟ್ಟ.

“ಪೆಟ್ರೋಲ್‌ದಾಗ ಎಥನಾಲ್ ಕೂಡಸ್ಯಾರ. ಅದನ್ನ ತಗದ್ರ ಗಾಡಿ ನೆಟ್ಟಗಾಗ್ತೈತಿ.”

ಹೇಗೆ ತೆಗೆಯುವುದು? ತೊಳೆಯುವುದಂತೆ!

ಕುಡಿಯುವ ನೀರಿನ ಕ್ಯಾನ್ ಇರುತ್ತದಲ್ಲ, ತಳದಲ್ಲಿ ನಳ ಇರುವಂಥದ್ದು, ಅದರಲ್ಲಿ ಪೆಟ್ರೋಲ್ ಸುರಿದು ನೀರು ಹಾಕಿ ಅಲ್ಲಾಡಿಸಿದ. ಸ್ವಲ್ಪ ಹೊತ್ತಿಗೆ ಮೇಲೆ ಪೆಟ್ರೋಲ್, ಕೆಳಗೆ ನೀರು. ಹಾಕಿದ ನೀರಿಗಿಂತ ಕೆಳಗಿನ ನೀರು ಜಾಸ್ತಿ ಇತ್ತು. ಎಥನಾಲ್ ಎಲ್ಲ ನೀರಿಗೆ ಸೇರಿತು ಅಂತ ಅಣ್ಣನಿಗೆ ಖುಷಿಯೋ ಖುಷಿ. ನಳ ತಿರುವಿ ಅದನ್ನು ಬಸಿದ.

“ಅದನ್ನ ಒಲಿ ಹತ್ರ ತರಬ್ಯಾಡ, ಲಿಂಬಿ ಗಿಡಕ್ಕೂ ಸುರುವಬ್ಯಾಡ” ಅಂತ ಅವ್ವ ಅಡುಗೆಮನೆಯಿಂದಲೇ ಕೂಗಿದಳು.

ತಮಾಷೆ ಏನೆಂದರೆ ನಮ್ಮದು ಕಬ್ಬಿನ ಹೊಲ. ನಮ್ಮ ಕಬ್ಬಿನಿಂದ ಎಥನಾಲ್ ಮಾಡುತ್ತಾರೆ ಅಂತ ಊರಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ಇದೇ ಅಣ್ಣ.

ತೊಳೆದ ಪೆಟ್ರೋಲ್ ಹಾಕಿದ ದಿನ ಸ್ಕೂಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಣ್ಣನನ್ನು ಹೊಗಳಿದ್ದೂ ಆಯಿತು. ಮರುದಿನ ಏರಿನಲ್ಲಿ ಈ ಗತಿ.

ಅಣ್ಣ ಬಂದ. ಟಂಟಂ ಆಟೊ ಒಂದರಲ್ಲಿ ಸ್ಕೂಟರ್ ಏರಿಸಿ ಕಾಕಾನ ಹತ್ತಿರ ಹೋದೆವು. ವಿಷಯ ಕೇಳಿ ಕಾಕಾ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಹೆಡ್ ಸವಿಸೇನಿ, ಇಂಜಿನ್‌ದಾಗ ಒತ್ತಡ ಹೆಚ್ಚ ಐತಿ ಬೇಟಿ. ಎಥನಾಲ್ ಇದ್ದದ್ದಕ್ಕ ತಡಕೊಂಡಿತ್ತು. ತೊಳದ ಪೆಟ್ರೋಲ್ ಟೈಮಿಗಿಂತ ಮೊದಲ ಹತ್ಕೊಂತೈತಿ. ಕಟಕಟ ಅಂದದ್ದು ಅದ. ಹಿಂಗ ಓಡ್ಸಿದ್ರ ಪಿಸ್ಟನ್ ತೂತು ಬೀಳ್ತೈತಿ.”

“ಅಂದ್ರ ಎಥನಾಲ್ ಛಲೋ ಏನ್ರಿ ಕಾಕಾ?” ಅಂತ ಕೇಳಿದೆ.

“ನಿನ್ನ ಇಂಜಿನಿಗೆ ಛಲೋ.”

ಹಾಗೆಂದವರೇ ಪೆಟ್ರೋಲ್ ಪೈಪ್ ಕಿತ್ತು ತೋರಿಸಿದರು. ರಬ್ಬರ್ ಉಬ್ಬಿ ಮೆತ್ತಗಾಗಿತ್ತು. “ಇದು ಎಥನಾಲ್‌ದ್ದ ಕೆಲಸ.”

ನನಗೆ ತಲೆ ಕೆಟ್ಟಿತು. ಹಾಗಾದರೆ ಮೊದಲು ಪಿಕಪ್ ಯಾಕೆ ಹೋಗಿತ್ತು? ಕಾಕಾನ ಪ್ರಕಾರ ಎಥನಾಲ್ ಇದ್ದರೆ ಇಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದಂತೆ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಅದಕ್ಕೆ ಸಾಲುತ್ತಿರಲಿಲ್ಲವಂತೆ. ಅಷ್ಟರಲ್ಲಿ ಅಣ್ಣ ಇಂಡಿ ಊರಿನ ಇನ್ನೊಬ್ಬ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ. ಇಂಜಿನ್ ಮೊದಲಿನಂತೆ ಮಾಡಿಸಿ, ಇಲ್ಲದಿದ್ದರೆ ಈ ಪೆಟ್ರೋಲಿಗೆ ಬಾಳುವುದಿಲ್ಲ ಅಂದ ಅವನು. ಮೊದಲಿನಂತೆ ಮಾಡಿಸಿದರೆ ಏರು ಹತ್ತುವುದಿಲ್ಲವಲ್ಲ ಮಾರಾಯ…

ಅಣ್ಣ ಮೆಲ್ಲಗೆ ಅಂದ, “ಸ್ಕೂಟರ್ ಬ್ಯಾಡ ಬಿಡು. ದಿನಾ ನಾನ ಬಿಟ್ಟು ಬರ್ತೇನಿ.”

ಪ್ರೀತಿಯಿಂದಲೇ ಅಂದ. ನನಗೆ ಮಾತ್ರ ಅಂಗಡಿಯ ಬೀಗದ ಕೈ ಯಾರೋ ಕಸಿದುಕೊಂಡಷ್ಟು ಭಯವಾಯಿತು.

“ಕಾಕಾ, ಜೆಟ್ ದೊಡ್ಡದು ಹಾಕ್ರಿ, ಪೈಪೂ ಬದಲ ಮಾಡ್ರಿ” ಅಂದೆ.

ಕಾಕಾ ಎರಡನ್ನೂ ಬದಲಿಸಿ, ಟ್ಯಾಂಕಿನ ತೊಳೆದ ಪೆಟ್ರೋಲ್ ಖಾಲಿ ಮಾಡಿ, ಎಥನಾಲ್ ಇರುವ ಬಂಕಿನ ಪೆಟ್ರೋಲನ್ನೇ ಹಾಕಿದರು. ಮರುದಿನ ಬೆಳಿಗ್ಗೆ ಹೊರಟೆ. ಏರು ಬಂತು. ಕಟಕಟ ಇಲ್ಲ. ಆದರೆ ಹಿಂದೆ ಯಾವುದೋ ಗಾಡಿಯ ಸದ್ದು, ದಾಟಿ ಮುಂದೆ ಹೋಗುತ್ತಲೇ ಇಲ್ಲ. ಕನ್ನಡಿ ನೋಡಿದರೆ ಅಣ್ಣನ ಬೈಕು.

ಮೇಲೆ ಹೋಗಿ ನಿಲ್ಲಿಸಿದೆ.

“ಸಿಂದಗ್ಯಾಗ ಸ್ವಲ್ಪ ಕೆಲಸ ಇತ್ತು” ಅಂದ, ನನ್ನ ಮುಖ ನೋಡದೆ.

“ನಾಳಿಂದ ಬರಬ್ಯಾಡಣ್ಣಾ. ನಿಂತ್ರ ಫೋನ್ ಮಾಡ್ತೇನಿ.”

ಅಣ್ಣ ಊರಿನ ಕಡೆಗೆ ಬೈಕ್ ತಿರುಗಿಸಿದ. ಸಿಂದಗಿಯ ಕೆಲಸ ಅಲ್ಲೇ ಮುಗಿದಿತ್ತು.

ಅಲ್ಲಿಂದ ಅಂಗಡಿಯವರೆಗೆ ಸಣ್ಣ ಕಲ್ಲು ಸಿಡಿದರೂ ಕಟಕಟ ಸದ್ದೇನೋ ಅಂತ ಕಿವಿಗೊಡುತ್ತಿದ್ದೆ. ಎಥನಾಲ್ ಒಳ್ಳೆಯದೋ ಕೆಟ್ಟದ್ದೋ, ಈ ಇಂಜಿನ್ ಎಷ್ಟು ದಿನ ಬಾಳುತ್ತದೋ, ಈಗಲೂ ನನಗೆ ತಿಳಿದಿಲ್ಲ.

ಅಣ್ಣನನ್ನು ವಾಪಸ್ ಕಳಿಸಿದ್ದಾದರೂ ಸರಿಯೋ… ನೀವಾಗಿದ್ದರೆ ಕಳಿಸುತ್ತಿದ್ದಿರಾ?