ದಾನಿಗಳ ಪಟ್ಟಿ ಕಳಿಸದೆ ಕಳೆದ ಒಂದೂವರೆ ತಿಂಗಳು

ಮೊನ್ನೆ ಯಲಹಂಕದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಗ ಮೊಹರಿನ ಶಾಯಿಯ ವಾಸನೆ ಮೂಗಿಗೆ ಬಡಿಯಿತು.

ದಾನದ ರಸೀದಿಗಳಿಗೆ ಮೊಹರು ಒತ್ತುವ ನನ್ನ ಮಟ್ಟಿಗೆ ಆ ವಾಸನೆ ಗಂಗಮ್ಮನವರ ಟ್ರಸ್ಟಿನದು. ಗಂಗಮ್ಮ ಶೆಟ್ಟಿಹಳ್ಳಿಯ ಹಳೇ ಮನೆತನದವರು. ಹಾಸಿಗೆ ಹಿಡಿದಿದ್ದ ಗಂಡ ತೀರಿಕೊಂಡ ಮೇಲೆ ಅವರ ಗಾಲಿಕುರ್ಚಿಯನ್ನು ಪಕ್ಕದ ಬೀದಿಯ ರೋಗಿಗೆ ಎರವಲು ಕೊಟ್ಟರು. ದಾನಿಗಳ ನೆರವಿನಿಂದ ಒಂದು ಕುರ್ಚಿ ಹೋಗಿ ಹತ್ತಾರಾಗಿ, ಎರವಲು ಕೊಡುವ ಟ್ರಸ್ಟೇ ಆಯಿತು. ಹಾವೇರಿ ಕಡೆಯಿಂದ ಬಂದು ಕಾಲೇಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಅದರ ಕಾರ್ಯದರ್ಶಿ. ಕಾನೂನು ಬಲ್ಲೆನೆಂಬ ಜಂಬ ನನಗೆ. ಓದುತ್ತಿದ್ದದ್ದು ಮಾತ್ರ ಕಡಿಮೆ.

ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಮೇ ಮುಗಿಯುವುದರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಆಗಲೇ ದಾನಿಗೆ ವಿನಾಯಿತಿಯ ಪ್ರಮಾಣಪತ್ರ. ತಡವಾದರೆ ದಿನದಿನಕ್ಕೂ ದಂಡ ಏರುತ್ತದೆ. ಕೆಲವು ವರ್ಷದ ಹಿಂದೆ ಒಮ್ಮೆ ನಾನು ಮರೆತೆ. ವಿದ್ಯಾರಣ್ಯಪುರದ ನಿವೃತ್ತ ಎಂಜಿನಿಯರೊಬ್ಬರು ಜೂನ್‌ನಲ್ಲಿ ಫೋನ್ ಮಾಡಿ ಪ್ರಮಾಣಪತ್ರ ಕೇಳಿದಾಗ, "ಕಳಿಸಿದೀವಿ ಸರ್, ಬರುತ್ತೆ" ಅಂದುಬಿಟ್ಟೆ. ಆಗಲೂ ಸಲ್ಲಿಸಬಹುದಿತ್ತು. ಆದರೆ ಅದಕ್ಕೆ ಗಂಗಮ್ಮನವರ ಫೋನಿಗೆ ಬರುವ ಒಟಿಪಿ ಬೇಕು. ಅವರನ್ನು ಕೇಳಿದರೆ ಎಲ್ಲ ಹೇಳಬೇಕು. ನಿಮಗೂ ಗೊತ್ತಿರುತ್ತದೆ, ಇಂಥ ಹೊತ್ತಿನಲ್ಲಿ ನಾಳೆ ಅನ್ನುವುದು ಎಷ್ಟು ಹಿತವಾಗಿ ಕಾಣುತ್ತದೆ! ಎಂಜಿನಿಯರ್ ಮತ್ತೆ ಮತ್ತೆ ಕರೆ ಮಾಡಿದರು, ನಾನು ಅದೇ ಉತ್ತರ ಕೊಟ್ಟೆ. ಫೋನ್ ರಿಂಗಾದರೆ ಸಾಕು, ನಾನು ಎದ್ದು ಓಡಾಡುತ್ತಿದ್ದೆ.

ಜುಲೈ ಮಧ್ಯದಲ್ಲಿ ಗಂಗಮ್ಮನವರೇ ಕೇಳಿದರು: "ಏನ್ ಸಾ, ಮೊಕ ಯಾಕಿಂಗೈತೆ?"

ಹೇಳಿದೆ.

"ಸುಳ್ಳು ಯೋಳಿದ್ದು ನೀವು. ಏನೂ ಕೇಳ್ದೆ ಕುಂತಿದ್ದು ನಾನು. ದಂಡದಾಗೆ ಅರ್ಧ ನಂದು. ಕುರ್ಚಿ ದುಡ್ಡು ಮುಟ್ಬ್ಯಾಡಿ."

"ಆ ಎಂಜಿನಿಯರ್‌ಗೆ ಫೋನ್ ಮಾಡ್ಲಾ?"

"ಫೋನ್ ಬ್ಯಾಡ. ಮನೆಗೇ ಓಗಾನ."

ಅಂದೇ ಪಟ್ಟಿ ಸಲ್ಲಿಸಿ ಆಟೊ ಹತ್ತಿದೆವು. ಎಂಜಿನಿಯರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ತಡ ಯಾರಿಗಾದ್ರೂ ಆಗುತ್ತೆ ಕಣ್ರೀ. ಕೇಳ್ದಾಗೆಲ್ಲ ಕಳಿಸಿದೀವಿ ಅಂದ್ರಲ್ಲ, ಅದ್ಯಾಕೆ?" ಪ್ರಮಾಣಪತ್ರ ಅವರು ತೆರಿಗೆ ಲೆಕ್ಕ ಸಲ್ಲಿಸುವ ಗಡುವಿನೊಳಗೆ ತಲುಪಿತು. ಮುಂದಿನ ವರ್ಷದಿಂದ ಅವರು ದಾನ ಕೊಡಲಿಲ್ಲ.

ಮೊನ್ನೆ ಅಂಗಡಿಯಲ್ಲಿ ನಮ್ಮ ಹೊಸ ಖಜಾಂಚಿ ಶೈಲಾ, ವಾರ್ಷಿಕ ವರದಿಯ ಪ್ರತಿ ತೆಗೆಸುವ ಮೊದಲು ಪಿಸುಗುಟ್ಟಿದಳು: "ಸರ್, ಮೂರು ಕುರ್ಚಿ ಯಾರ ಮನೇಲಿವೆ ಅಂತ ಗೊತ್ತಾಗ್ತಿಲ್ಲ. ಆ ಸಾಲು ಬಿಟ್ಬಿಡೋಣ್ವಾ?"

ಯಂತ್ರದ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡೆ.

"ಗೊತ್ತಿಲ್ಲ ಅಂತಾನೇ ಬರೀಮ್ಮ. ಪ್ರತಿ ಆಮೇಲೆ ತೆಗೆಸೋಣ."